ಕಾಲೇಜು ಫುಟ್‌ಬಾಲ್‌ನಲ್ಲಿ ‘ಹೊಸಬ’ ಎಂದರೆ ಯಾರು?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ತಂಡವೊಂದು ಅಂಕ ಗಳಿಸಲು ತಿಣುಕಾಡಿದಾಗ ತರಬೇತುದಾರರು ‘ನಮ್ಮ ಹುಡುಗರು ಇನ್ನೂ ಎಳಸು’ ಎನ್ನುವುದು ವಾಡಿಕೆ. ಮಾತು ಹಳೆಯದೇ ಆದರೂ, ಎಳಸು ಎಂಬುದರ ಅರ್ಥ ನಿಯಮಗಳ ಜೊತೆಗೆ ಬದಲಾಗುತ್ತಲೇ ಬಂದಿದೆ.

ಯುದ್ಧಕಾಲದ ವಿನಾಯಿತಿಗಳನ್ನು ಬಿಟ್ಟರೆ, 1972ಕ್ಕೆ ಮೊದಲು ಮೊದಲ ವರ್ಷದ ವಿದ್ಯಾರ್ಥಿ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಆ ವರ್ಷ ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆ ಎನ್‌ಸಿಎಎ ಈ ನಿರ್ಬಂಧವನ್ನು ತೆಗೆಯಿತು. ಮರುವರ್ಷ ಒಂದು ತಂಡ ಆಟಗಾರರಿಗೆ ಕೊಡಬಹುದಾದ ವಿದ್ಯಾರ್ಥಿವೇತನಗಳಿಗೆ 105ರ ಮಿತಿ ಬಂತು. 1978ರಲ್ಲಿ ಅದು 95ಕ್ಕೂ 1994ರ ಹೊತ್ತಿಗೆ 85ಕ್ಕೂ ಇಳಿಯಿತು. ಬೆಂಚು ಬರಿದಾದಷ್ಟೂ ಹದಿನೆಂಟರ ಹುಡುಗರು ಬೇಗ ಅಂಗಳಕ್ಕಿಳಿದರು. 1985ರಲ್ಲಿ ಓಕ್ಲಹೋಮಾದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಪಡೆದು ತಂಡದ ದಾಳಿಯನ್ನು ನಡೆಸುವ ಆಟಗಾರ, ಟ್ರಾಯ್ ಐಕ್‌ಮನ್ ಗಾಯಗೊಂಡಾಗ, ಮೊದಲ ವರ್ಷದ ಜಮೆಲ್ ಹೋಲಿವೇ ತಂಡವನ್ನು ರಾಷ್ಟ್ರೀಯ ಪಟ್ಟದವರೆಗೆ ನಡೆಸಿದ. ಆ ತಂಡದ ವಿಶ್‌ಬೋನ್ ಎಂಬ ಆಟದ ವಿನ್ಯಾಸ ಬಹುಪಾಲು ಓಟವನ್ನೇ ನೆಚ್ಚಿಕೊಂಡಿದ್ದರಿಂದ, ಎಳೆಯ ಕ್ವಾರ್ಟರ್‌ಬ್ಯಾಕ್‌ನಿಂದ ಪಾಸುಗಳನ್ನು, ಅಂದರೆ ಕೈಯಿಂದ ಮುಂದಕ್ಕೆ ಎಸೆಯುವ ಎಸೆತಗಳನ್ನು, ಹೆಚ್ಚು ಬೇಡಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಚರ್ಚೆಯೆಲ್ಲ ಕ್ವಾರ್ಟರ್‌ಬ್ಯಾಕ್ ಸುತ್ತಲೇ ತಿರುಗುತ್ತದೆಯಾದರೂ, ಅನುಭವದ ಕೊರತೆ ಮೊದಲು ಬಯಲಾಗುವುದು ಅವನ ಮುಂದೆ ಸಾಲಾಗಿ ನಿಲ್ಲುವ ಐವರಲ್ಲಿ, ಅಂದರೆ ಆಫೆನ್ಸಿವ್ ಲೈನ್‌ನಲ್ಲಿ. ಚೆಂಡು ಹಿಂದಕ್ಕೆ ಬರುವ ಮುನ್ನ, ಅದನ್ನು ಕೊಡುವ ನಡುವಿನ ಆಟಗಾರ ಸೆಂಟರ್ ಎದುರಾಳಿಗಳ ನಿಲುವನ್ನು ಓದಿ, ಅವರ ಮುಂಚೂಣಿಯ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳಲ್ಲಿ ನಡುವಿನವನು ಯಾರೆಂದು ಗುರುತಿಸಿ ಕೂಗುತ್ತಾನೆ. ಆ ಕೂಗಿನ ಮೇಲೆಯೇ ಯಾರು ಯಾವ ಕಡೆ ಜರುಗಬೇಕು, ಯಾರನ್ನು ತಡೆಯಬೇಕು ಎಂಬುದು ನಿಂತಿರುತ್ತದೆ. ನಾಲ್ವರು ಬಲಕ್ಕೆ ಜರುಗಿ ಒಬ್ಬ ಎಡಕ್ಕೆ ಜರುಗಿದರೆ ಆ ಸಂದಿನಲ್ಲಿ ನೂರಿಪ್ಪತ್ತು ಕಿಲೋ ತೂಕದ ಆಳು ಸಲೀಸಾಗಿ ನುಗ್ಗುತ್ತಾನೆ. ಇನ್ನು ಎದುರಾಳಿಯ ಊರಿನ ಕ್ರೀಡಾಂಗಣದಲ್ಲಿ ಗದ್ದಲಕ್ಕೆ ಕೂಗೇ ಕೇಳಿಸದು. ಪಕ್ಕದಲ್ಲಿ ನಿಲ್ಲುವ ಗಾರ್ಡ್ ಹಿಂದೆ ನೋಡಿ ಸೆಂಟರ್‌ನ ಮೈ ತಟ್ಟುವ, ಸೆಂಟರ್ ತಲೆಯಾಡಿಸಿ ಚೆಂಡು ಕೊಡುವ ಮೌನದ ಲೆಕ್ಕ ಬೇಕಾಗುತ್ತದೆ. ಒಬ್ಬ ಅರೆಕ್ಷಣ ಮೊದಲೇ ಮಿಸುಕಿದರೆ ಫಾಲ್ಸ್ ಸ್ಟಾರ್ಟ್, ಐದು ಗಜ ದಂಡ. ನಾಲ್ಕು ಯತ್ನಗಳಲ್ಲಿ, ಅಂದರೆ ಡೌನ್‌ಗಳಲ್ಲಿ, ಹತ್ತು ಗಜ ಕ್ರಮಿಸಬೇಕಿದ್ದಲ್ಲಿ ಹದಿನೈದು ಎಂದಾದಾಗ ಎಲ್ಲರ ಕಣ್ಣೂ ಕ್ವಾರ್ಟರ್‌ಬ್ಯಾಕ್‌ನ ಮೇಲೆ ನೆಡುತ್ತದೆ. ಚೆಂಡು ಹಿಡಿದು ಓಡುವ ವೇಗದ ಹೊಸ ರನ್ನಿಂಗ್ ಬ್ಯಾಕ್‌ನನ್ನು ಮೂರನೇ ಡೌನ್‌ನಲ್ಲಿ ಹೊರಗೆ ಕೂರಿಸುವುದೂ ಬಹಳ ಸಲ ಓಟ ಸಾಲದೆಂದಲ್ಲ, ನುಗ್ಗಿಬರುವ ಲೈನ್‌ಬ್ಯಾಕರ್‌ನನ್ನು ಗುರುತಿಸಿ ತಡೆಯಲು ಬಾರದೆಂದು.

ತಪ್ಪುಗಳಿಗೆ ಹೆದರಿದ ತರಬೇತುದಾರರು ಆಟದ ಪಟ್ಟಿಯನ್ನೇ ಮೊಟಕುಗೊಳಿಸುತ್ತಾರೆ. ಅದನ್ನು ಮೂಸಿದ ಎದುರಾಳಿ ಎಂಟು ಮಂದಿಯನ್ನು ಮುಂದಕ್ಕೆ ತಂದು ಓಟದ ದಾರಿ ಮುಚ್ಚಿದಾಗ, ಯಾವ ಪಾಸನ್ನು ಹುಡುಗನಿಂದ ತಪ್ಪಿಸಬೇಕೆಂದಿದ್ದರೋ ಅದನ್ನೇ ಅವನು ಎಸೆಯಬೇಕಾಗುತ್ತದೆ.

ಇದಕ್ಕೆ ಎದುರಾಗಿ ಎಲ್ಲರೂ ಎತ್ತುವ ಉದಾಹರಣೆ 2018ರ ಜನವರಿ 8ರ ಅಟ್ಲಾಂಟಾದ ಫೈನಲ್. ಜಾರ್ಜಿಯಾ ಎದುರು 13–0 ಹಿಂದಿದ್ದ ಅಲಬಾಮಾ ವಿರಾಮದ ನಂತರ ಜೇಲನ್ ಹರ್ಟ್ಸ್‌ನನ್ನು ಕೂರಿಸಿ ಮೊದಲ ವರ್ಷದ ಟುವಾ ಟಗೊವೈಲೋವಾನನ್ನು ಇಳಿಸಿತು. ಹೆಚ್ಚುವರಿ ಅವಧಿಯಲ್ಲಿ ಅವನು ಚೆಂಡನ್ನು ಬಿಡದೆ ಹಿಂದೆ ಹಿಂದೆ ಸರಿದು ಹದಿನಾರು ಗಜ ಕಳೆದ. ಅದು ಅಪ್ಪಟ ಹೊಸಬನ ತಪ್ಪು. ಮರುಚೆಂಡಿನಲ್ಲೇ ಇನ್ನೊಬ್ಬ ಮೊದಲ ವರ್ಷದ ಹುಡುಗ ಡಿವಾಂಟಾ ಸ್ಮಿತ್‌ಗೆ 41 ಗಜದ ಪಾಸ್ ಎಸೆದು 26–23ರಿಂದ ಪಟ್ಟ ಗೆದ್ದ. ಗಾಯಾಳುವಿನ ಬದಲು ಆಫೆನ್ಸಿವ್ ಲೈನ್‌ನ ಎಡತುದಿಯಲ್ಲಿ ಟ್ಯಾಕಲ್ ಆಗಿ ಬಂದಿದ್ದವನೂ ಮೊದಲ ವರ್ಷದವನೇ. ಹೊಸಬರ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಇವರ ನಡುವೆ ಸೆಂಟರ್ ಸ್ಥಾನದಲ್ಲಿ ನಿಂತು ಕೂಗುತ್ತಿದ್ದ ಬ್ರ್ಯಾಡ್ಲಿ ಬೋಜ್‌ಮನ್ ಐದನೇ ವರ್ಷದ ಆಟಗಾರ ಎಂಬ ವಿವರ ಮುಖ್ಯಾಂಶಗಳಿಗೆ ಒಗ್ಗುವಂಥದ್ದಲ್ಲ.

ಅದೇ ವರ್ಷ ಎರಡು ಬದಲಾವಣೆಗಳಾದವು. ನಾಲ್ಕು ಪಂದ್ಯಗಳವರೆಗೆ ಆಡಿಯೂ ‘ರೆಡ್‌ಶರ್ಟ್’ ವರ್ಷವನ್ನು, ಅಂದರೆ ಅರ್ಹತೆ ಕಳೆದುಕೊಳ್ಳದೆ ಕಲಿಯುವ ವರ್ಷವನ್ನು, ಉಳಿಸಿಕೊಳ್ಳಲು ಅವಕಾಶ ಸಿಕ್ಕಿತು. ಇದು ಒಳ್ಳೆಯದೇ ಆಯಿತು. ಅಕ್ಟೋಬರ್‌ನಲ್ಲಿ, ಕಾಲೇಜು ಬದಲಿಸಲು ಬಯಸುವವರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯಿತು. 2021ರಿಂದ ಒಮ್ಮೆ ಕಾಲೇಜು ಬದಲಿಸಿದವನು ಒಂದು ವರ್ಷ ಕಾಯಬೇಕಿಲ್ಲ, ಮತ್ತು ತನ್ನ ಹೆಸರು ಹಾಗೂ ಚಿತ್ರದಿಂದ ಹಣವನ್ನೂ ಗಳಿಸಬಹುದು. ಓದಿನಲ್ಲಿ ಅರ್ಹನಾದವನು ಎಷ್ಟು ಸಲವಾದರೂ ಬದಲಿಸಬಹುದು ಎಂದು 2024ರಲ್ಲಿ ತೀರ್ಮಾನವಾಯಿತು. ಆಟಗಾರರಿಗೆ ದಶಕಗಳಿಂದ ಸಲ್ಲಬೇಕಾಗಿದ್ದ ನ್ಯಾಯವಿದು. ಗರಡಿಯಲ್ಲಿ ಮೈಗೆ ಮಣ್ಣು ಮೆತ್ತಿಕೊಂಡು ಸರದಿಗಾಗಿ ಕಾಯುವ ಪದ್ಧತಿ ಮಾತ್ರ ಇದರೊಂದಿಗೆ ಸಡಿಲವಾಯಿತು.

ಹೀಗಾಗಿ ಇಂದಿನ ಹೊಸಬ ಇಪ್ಪತ್ತೆರಡು ವರ್ಷದವನೂ, ಮೂವತ್ತು ಪಂದ್ಯ ಆಡಿದವನೂ ಆಗಿರಬಹುದು. 2023ರಲ್ಲಿ ಕೊಲರಾಡೊ 80ಕ್ಕೂ ಹೆಚ್ಚು ಹೊಸ ಆಟಗಾರರೊಂದಿಗೆ ಕಣಕ್ಕಿಳಿದು, ಹಿಂದಿನ ವರ್ಷದ ರನ್ನರ್ ಅಪ್ ಟಿಸಿಯು ತಂಡವನ್ನು ಮೊದಲ ಪಂದ್ಯದಲ್ಲೇ 45–42ರಿಂದ ಸೋಲಿಸಿತು. ಋತು ಮುಗಿದಾಗ ಲೆಕ್ಕ ನಾಲ್ಕು ಗೆಲುವು, ಎಂಟು ಸೋಲು. ಅದರ ಪ್ರತಿಭಾವಂತ ಕ್ವಾರ್ಟರ್‌ಬ್ಯಾಕ್ ಐವತ್ತಕ್ಕೂ ಹೆಚ್ಚು ಬಾರಿ ಚೆಂಡಿನೊಂದಿಗೆ ನೆಲಕ್ಕುರುಳಿದ್ದ. ಬೇರೆ ಬೇರೆ ಕಾಲೇಜುಗಳಿಂದ ಬಂದವರು ಒಂದೇ ನಡೆಗೆ ಬೇರೆ ಬೇರೆ ಹೆಸರು ಕಲಿತಿರುತ್ತಾರೆ. ಅವರಿಗೆ ವಸಂತದಲ್ಲಿ ಸಿಗುವುದು 15 ಅಭ್ಯಾಸಗಳು.

2024ರಿಂದ ದೊಡ್ಡ ತಂಡಗಳ ವಿಭಾಗದಲ್ಲಿ ಪ್ರತಿ ಕಡೆಯ ಒಬ್ಬ ಆಟಗಾರನ ಹೆಲ್ಮೆಟ್‌ನೊಳಗೆ ತರಬೇತುದಾರರು ರೇಡಿಯೋದಲ್ಲಿ ಮಾತಾಡಬಹುದು. ಚೆಂಡನ್ನು ಆಟಕ್ಕಿಳಿಸುವ ಗಡುವನ್ನು ಎಣಿಸುವ ಗಡಿಯಾರ 15 ಸೆಕೆಂಡಿಗೆ ಇಳಿದೊಡನೆ ಆ ದನಿ ನಿಲ್ಲುತ್ತದೆ. ಅನುಭವಿ ರಕ್ಷಣಾ ಪಡೆಗಳು ತಮ್ಮ ನಿಲುವು ಬದಲಿಸಲು ಕಾಯುವುದೂ ಹೆಚ್ಚಾಗಿ ಆ ಕೊನೆಯ ಗಳಿಗೆಗೇ.