ಹಾಡಿಗೆ ದುಡ್ಡು ಹಾಕಿದವರು ಯಾರು?

ಹೋದ ತಿಂಗಳು ದಾವಣಗೆರೆ ಕಡೆಯ ಹುಡುಗಿಯೊಬ್ಬಳು ನಮ್ಮ ಸ್ಟುಡಿಯೋಗೆ ಬಂದಿದ್ದಳು. 23 ವರ್ಷ. ಸುಗಮ ಸಂಗೀತ ಹಾಡುತ್ತಾಳೆ, ರಾಗವನ್ನೂ ತಾನೇ ಹಾಕುತ್ತಾಳೆ. ಕೈಯಲ್ಲಿ ಎರಡು ಪುಟದ ಕರಾರು ಪತ್ರ ಇತ್ತು. ನಾಲ್ಕು ಹಾಡುಗಳ ರೆಕಾರ್ಡಿಂಗ್ ಖರ್ಚನ್ನು ಪೂರ್ತಿ ನಾವೇ ನೋಡಿಕೊಳ್ಳುತ್ತೇವೆ ಎಂದು ಒಂದು ಆಡಿಯೋ ಕಂಪನಿಯವರು ಬರೆದುಕೊಟ್ಟಿದ್ದರು.

"ಸರ್, ನನ್ನ ಕೈಯಿಂದ ಒಂದು ರೂಪಾಯೀನೂ ಹಾಕೋ ಹಾಗಿಲ್ಲ. ಸಹಿ ಮಾಡ್ಲಾ?"

ಇಪ್ಪತ್ತು ವರ್ಷದಿಂದ ಸೌಂಡ್ ಎಂಜಿನಿಯರ್ ಆಗಿದ್ದೇನೆ. ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಕೇಳದೆ ಸಹಿ ಹಾಕಿದವರು ಅದಕ್ಕಿಂತ ಜಾಸ್ತಿ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಒಂದು ಹಾಡಿನಲ್ಲಿ ಎರಡು ಆಸ್ತಿಗಳಿರುತ್ತವೆ. ಮೊದಲನೆಯದು ಸಾಹಿತ್ಯ ಮತ್ತು ರಾಗ ಸಂಯೋಜನೆ. ಅದು ಬರೆದವರದು, ರಾಗ ಹಾಕಿದವರದು. ಎರಡನೆಯದು ಧ್ವನಿಮುದ್ರಿಕೆ, ನಾವು ಮಾಸ್ಟರ್ ಅನ್ನುತ್ತೇವಲ್ಲ, ಅದು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಒಡೆತನ ಪ್ರೊಡ್ಯೂಸರ್‌ಗೆ ಸೇರುತ್ತದೆ. ರೆಕಾರ್ಡಿಂಗ್ ಮಾಡಿಸಲು ಮುಂದೆ ಬಂದು ಹೊಣೆ ಹೊತ್ತವರೇ ಪ್ರೊಡ್ಯೂಸರ್. ಸ್ಟುಡಿಯೋ ಬಿಲ್ ಕಟ್ಟಿ ಕಲಾವಿದರಿಗೆ ದುಡ್ಡು ಕೊಟ್ಟವರು ಅಂತಲೇ ಬಳಕೆಯಲ್ಲಿ ಅದರ ಅರ್ಥ. ಮಾಸ್ಟರಿನ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಹಾಡಿದವಳಿಗೆ ಈಗ 23. ಕಂಪನಿಯವರು ಖರ್ಚು ಹಾಕಿದರೆ, ಕರಾರಿನಲ್ಲಿ ಬೇರೆ ಏನೂ ಬರೆಯದಿದ್ದರೆ, ಅವಳ ಮೊದಲ ನಾಲ್ಕು ಹಾಡುಗಳು ಅವಳ 83ನೇ ವಯಸ್ಸು ದಾಟುವವರೆಗೂ ಅವರ ಆಸ್ತಿ.

ಅದಕ್ಕೇ ಹೊಸ ಕಲಾವಿದರ ವಿಷಯದಲ್ಲಿ ದುಡ್ಡು ಎಷ್ಟು ಎನ್ನುವುದಕ್ಕಿಂತ ಎಂಥ ದುಡ್ಡು ಎನ್ನುವುದನ್ನು ನಾನು ಮೊದಲು ಕೇಳುವುದು. ಧನಸಹಾಯ, ಅನುದಾನ, ಊರಿನವರ ದೇಣಿಗೆ, ಇವು ಒಡೆತನ ಕೇಳದ ದುಡ್ಡು. ಕಂಪನಿಯ ದುಡ್ಡು ಒಡೆತನ ಕೇಳುತ್ತದೆ. ಕೇಳುವುದು ತಪ್ಪೇನಲ್ಲ, ಅದು ವ್ಯಾಪಾರ. ಆದರೆ ಕೊಡುವವರಿಗೆ ತಾವು ಏನನ್ನು ಕೊಡುತ್ತಿದ್ದೇವೆ ಅಂತ ಗೊತ್ತಿರಬೇಕು, ಅಲ್ವಾ?

ಅವಳ ನಾಲ್ಕು ಹಾಡಿನ ಲೆಕ್ಕವನ್ನು ಅಲ್ಲೇ ಕೂತು ಬರೆದೆವು. ನಮ್ಮಲ್ಲಿ ಗಂಟೆಗೆ 800 ರೂಪಾಯಿ. ನಾಲ್ಕು ಹಾಡಿಗೆ 30 ಗಂಟೆ ಹಿಡಿದರೆ 24,000. ತಬಲಾದವರಿಗೆ ಹಾಡಿಗೆ 2,500ರಂತೆ 10,000. ಕೊಳಲಿಗೆ 3,000ದಂತೆ 12,000. ವಾದ್ಯ ಸಂಯೋಜನೆ ಮತ್ತು ಕೀಬೋರ್ಡ್ ಮಾಡುವವರಿಗೆ ಹಾಡಿಗೆ 8,000, ಒಟ್ಟು 32,000. ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್, ಕೊನೆಯ ಹದ ಕೊಡುವ ಮಾಸ್ಟರಿಂಗ್ ಸೇರಿ 20,000. ಎಲ್ಲಾ ಕೂಡಿದರೆ 98,000 ರೂಪಾಯಿ. ವಿಡಿಯೋ, ಪ್ರಚಾರ ಇದರಲ್ಲಿ ಬಂದಿಲ್ಲ.

ಈ ಲೆಕ್ಕದಲ್ಲಿ ಕಡಿಮೆ ಮಾಡಲು ಸಾಧ್ಯವಿರುವುದು ಮುಖ್ಯವಾಗಿ ಗಂಟೆಗಳನ್ನು. ಮನೆಯಲ್ಲೇ ಶ್ರುತಿ ಮತ್ತು ಲಯ ಇಟ್ಟುಕೊಂಡು ಫೋನಿನಲ್ಲಿ ಸ್ಕ್ರ್ಯಾಚ್, ಅಂದರೆ ಕಚ್ಚಾ ಪ್ರತಿ, ಹಾಡಿ, ಹತ್ತು ದಿನ ಕೇಳಿ ತಿದ್ದಿಕೊಂಡು ಬಂದವರು ಅರ್ಧ ಹೊತ್ತಿನಲ್ಲಿ ಮುಗಿಸುತ್ತಾರೆ. ಮೈಕಿನ ಮುಂದೆ ನಿಂತು ಪಲ್ಲವಿಯನ್ನು ಯಾವ ಯಾವ ಬಗೆಯಲ್ಲಿ ಹಾಡಬೇಕೆಂದು ಹುಡುಕಿದರೆ ಮೀಟರ್ ಓಡುತ್ತಲೇ ಇರುತ್ತದೆ. ವಾದ್ಯದವರ ದುಡ್ಡನ್ನು ಮಾತ್ರ ಕಡಿಮೆ ಮಾಡಬೇಡಿ. ಅವರೂ ನಿಮ್ಮ ಹಾಗೇ ಕಷ್ಟಪಟ್ಟು ಬಂದವರು.

ಇನ್ನು ಈ 98,000ವನ್ನು ಒಡೆತನ ಕೇಳದೆ ಯಾರು ಕೊಡುತ್ತಾರೆ?

ಕೇಂದ್ರ ಸಂಸ್ಕೃತಿ ಸಚಿವಾಲಯದಿಂದ ಯುವ ಕಲಾವಿದರಿಗೆ ವಿದ್ಯಾರ್ಥಿವೇತನವಿದೆ. 18ರಿಂದ 25 ವರ್ಷದವರಿಗೆ ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಒಟ್ಟು 1,20,000 ಆಯಿತು. ಮೊತ್ತ ನೋಡಿದರೆ ನಾಲ್ಕು ಹಾಡಿಗೆ ಸಾಕು ಅನ್ನಿಸುತ್ತದೆ. ಆದರೆ ಅದು ಗುರುಗಳ ಹತ್ತಿರ ಮುಂದಿನ ಕಲಿಕೆಗೆ ಕೊಡುವ ದುಡ್ಡು. ಓಡಾಟ, ಊಟ, ಪಾಠ ಎಂದು ಖರ್ಚಾಗಿಬಿಡುತ್ತದೆ. 25 ದಾಟಿ 40ರ ಒಳಗಿರುವವರಿಗೆ ಅದೇ ಸಚಿವಾಲಯದ ಜೂನಿಯರ್ ಫೆಲೋಶಿಪ್ ಇದೆ, ತಿಂಗಳಿಗೆ 10,000ದಂತೆ ಎರಡು ವರ್ಷ. ಅದು ಅಧ್ಯಯನಕ್ಕೆ. ನಮ್ಮ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳ ಕಾರ್ಯಕ್ರಮಗಳಿಗೆ ಧನಸಹಾಯ ಕೊಡುತ್ತದೆ, ವಾದ್ಯ ಪರಿಕರ ಕೊಳ್ಳಲು ನೆರವಾಗುತ್ತದೆ, ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಎಲ್ಲವೂ ಬೇಕಾದದ್ದೇ. ನನ್ನ ಕೊರಗು ಏನೆಂದರೆ, ಕಲಿಯುವುದಕ್ಕೆ ದುಡ್ಡಿದೆ, ವೇದಿಕೆಗೆ ದುಡ್ಡಿದೆ, ವಯಸ್ಸಾದ ಮೇಲೆ ಜೀವನಕ್ಕೂ ಅಷ್ಟಿಷ್ಟು ಇದೆ. ಇವುಗಳ ನಡುವೆ, ಹಾಡನ್ನು ಉಳಿಯುವ ವಸ್ತುವಾಗಿ ಮಾಡುವ ಆ ಒಂದು ಹಂತಕ್ಕೆ ಬಂದಾಗ ಮಾತ್ರ ಕಲಾವಿದರು ಸಾಲಕ್ಕೋ ಕಂಪನಿಗೋ ಹೋಗಬೇಕಾಗುತ್ತದೆ.

ಬೆಂಗಳೂರಿನಲ್ಲೇ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಬಗ್ಗೆ ಎಷ್ಟೋ ಜನರಿಗೆ ಗೊತ್ತೇ ಇಲ್ಲ. 1993ರಲ್ಲಿ ಶುರುವಾದ ಸಂಸ್ಥೆ. 1995ರಿಂದ ಅನುದಾನ ಕೊಡುತ್ತಿದೆ. ಸುಮ್ನೆ ಆಲ್ಬಮ್ ಮಾಡುತ್ತೇನೆ ಎಂದರೆ ಅಲ್ಲಿ ನಡೆಯುವುದಿಲ್ಲ. ನಿಮ್ಮ ಕೆಲಸದ ಹಿಂದೆ ಒಂದು ಪ್ರಶ್ನೆ ಇರಬೇಕು. ನಿಮ್ಮ ಅಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳ ಧಾಟಿ ಹಿಡಿದು ಹೊಸತೇನಾದರೂ ಕಟ್ಟುತ್ತಿದ್ದೀರಾ? ಅಂಥದಿದ್ದರೆ ಬರೆದು ನೋಡಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು.

ಧ್ವನಿಮುದ್ರಣಕ್ಕೇ ದುಡ್ಡು ಹಾಕಿದ ದೊಡ್ಡ ಉದಾಹರಣೆಯೊಂದು ನಮ್ಮ ನಾಡಿನಿಂದಲೇ ಇದೆ. ಎರಡನೇ ಮಹಾಯುದ್ಧ ಮುಗಿದ ಹೊಸತು. ಲಂಡನ್ನಿನಲ್ಲಿ ನಿಕೊಲಾಯ್ ಮೆಡ್ಟ್ನರ್ ಎಂಬ ರಷ್ಯನ್ ಸಂಗೀತಗಾರರಿದ್ದರು. 65 ದಾಟಿತ್ತು. ಆರೋಗ್ಯ ಸರಿಯಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ, ಕೇಳುವವರೂ ಕಡಿಮೆ. ಅವರ ಸಂಗೀತವನ್ನು ಮೆಚ್ಚಿಕೊಂಡಿದ್ದವರು ನಮ್ಮ ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ಸ್ವತಃ ಪಿಯಾನೋ ಕಲಿತವರು, ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದವರು. ಅವರು ಮೆಡ್ಟ್ನರ್ ಅವರನ್ನು ಅರಮನೆಗೆ ಕರೆಸಿ ಶಾಲು ಹೊದಿಸಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಮೆಡ್ಟ್ನರ್ ಸೊಸೈಟಿ ಎಂಬ ಹೆಸರಿನಲ್ಲಿ ಅವರ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ, ಎಚ್‌ಎಂವಿ ಕಂಪನಿಯಲ್ಲಿ ರೆಕಾರ್ಡ್ ಮಾಡಲು ಹಣ ಕೊಟ್ಟರು. ಮೂರು ಪಿಯಾನೋ ಕಾಂಚೆರ್ಟೋಗಳು (ಪಿಯಾನೋ ಮತ್ತು ವಾದ್ಯವೃಂದ ಸೇರಿ ನುಡಿಸುವ ದೊಡ್ಡ ರಚನೆಗಳು), ಇನ್ನೂ ಹಲವು ರಚನೆಗಳು, ಹಾಡುಗಳು ಗ್ರಾಮಫೋನ್ ತಟ್ಟೆಗೆ ಇಳಿದವು. ಮೂರನೆಯ ಕಾಂಚೆರ್ಟೋವನ್ನು ಮೆಡ್ಟ್ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು.

ಆ ರೆಕಾರ್ಡಿಂಗ್‌ಗಳನ್ನು ನಾನು ಆಗಾಗ ಹಾಕಿ ಕೇಳುತ್ತೇನೆ. ಹಳೆಯ ತಟ್ಟೆಯ ಕರಕರ ಸದ್ದಿನ ಹಿಂದೆ ಆ ವಯಸ್ಸಾದ ಬೆರಳುಗಳು ಕೇಳಿಸುತ್ತವೆ. ಪಿಯಾನೋ ನುಡಿಸುವವರು ಇವತ್ತಿಗೂ ಮೆಡ್ಟ್ನರ್ ಸ್ವತಃ ಹೇಗೆ ನುಡಿಸುತ್ತಿದ್ದರು ಎಂದು ತಿಳಿಯಲು ಅವಕ್ಕೇ ಬರುತ್ತಾರೆ. ಆ ಹಣವನ್ನು ಸಂಗೀತ ಕಛೇರಿಗೆ ಕೊಟ್ಟಿದ್ದರೆ ಒಂದು ಸಂಜೆಗೆ ಮುಗಿದುಹೋಗುತ್ತಿತ್ತು.

ಮಹಾರಾಜರಿಲ್ಲದ ಕಾಲದಲ್ಲಿ ಇದನ್ನು ಹೇಗೆ ಮಾಡಬಹುದು ಎನ್ನುವುದಕ್ಕೆ ಕೆನಡಾ ನೋಡಬೇಕು. ಅಲ್ಲಿ ರೇಡಿಯೋದಲ್ಲಿ ಇಂತಿಷ್ಟು ಪಾಲು ಕೆನಡಾದ್ದೇ ಸಂಗೀತ ಇರಬೇಕು ಎಂಬ ನಿಯಮ 1971ರಲ್ಲಿ ಬಂತು. ಹಾಗೆ ಪ್ರಸಾರ ಮಾಡಲು ಒಳ್ಳೆಯ ರೆಕಾರ್ಡಿಂಗ್ ಬೇಕಲ್ಲ? 1982ರಲ್ಲಿ ರೇಡಿಯೋ ಕಂಪನಿಗಳು ಮತ್ತು ಸಂಗೀತ ಉದ್ಯಮದವರು ಸೇರಿ ಕಲಾವಿದರ ರೆಕಾರ್ಡಿಂಗಿಗೆ ನೆರವಾಗುವ ಫ್ಯಾಕ್ಟರ್ ಎಂಬ ನಿಧಿ ಕಟ್ಟಿದರು. ಈಗ ರೇಡಿಯೋದವರ ದುಡ್ಡಿಗೆ ಸರ್ಕಾರದ ದುಡ್ಡೂ ಸೇರುತ್ತದೆ. ಖರ್ಚಿನ ಒಂದು ಪಾಲನ್ನು ಕಲಾವಿದರೂ ಹಾಕಬೇಕು. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಇಲ್ಲೂ ಇಂಥ ನಿಧಿಯ ಬಗ್ಗೆ ಮಾತು ಶುರುವಾಗಬೇಕು ಅಂತ ನನಗೆ ಮನಸಾರೆ ಅನ್ನಿಸುತ್ತದೆ.

ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ನೋಡೋಣ. ಒಂದೆರಡು ಆಯ್ಕೆ ಸಮಿತಿಗಳಲ್ಲಿ ಕೂತಿದ್ದೇನೆ. ಬರುವ ಅರ್ಜಿಗಳಲ್ಲಿ ಸಂಗೀತ ನನ್ನ ಉಸಿರು ಎಂಬ ಮಾತು ಎಲ್ಲರದರಲ್ಲೂ ಇರುತ್ತದೆ. ಎಷ್ಟು ಹಾಡು, ಯಾರು ನುಡಿಸುತ್ತಾರೆ, ಯಾವ ತಿಂಗಳಲ್ಲಿ ಮುಗಿಯುತ್ತದೆ, ಎಷ್ಟು ಖರ್ಚು, ಇಷ್ಟು ಇರುವುದು ಕೆಲವರದರಲ್ಲಿ ಮಾತ್ರ. ಮೇಲೆ ಬರೆದಂಥ ಲೆಕ್ಕವನ್ನು ಒಂದು ಹಾಳೆಯಲ್ಲಿ ಸೇರಿಸಿ. ಮಾದರಿಗೆ ಕಳಿಸುವ ಹಾಡಿನಲ್ಲಿ ನಿಮ್ಮ ದನಿ ಬೇಗ ಕೇಳಿಸಲಿ. ಒಂದು ನಿಮಿಷ ಬರೀ ಕೀಬೋರ್ಡ್ ಬೇಡ. ದುಡ್ಡು ಬಂದಮೇಲೆ ಪ್ರತಿಯೊಂದಕ್ಕೂ ಬಿಲ್ ಇಟ್ಟುಕೊಳ್ಳಿ. ಲೆಕ್ಕ ಸರಿಯಾಗಿ ಕೊಟ್ಟವರಿಗೆ ಎರಡನೇ ಸಲ ಸಿಗುವುದು ಸುಲಭ.

ಸಾಹಿತ್ಯದ ವಿಷಯದಲ್ಲಿ ನಮ್ಮವರು ತುಂಬಾ ಎಡವುತ್ತಾರೆ. ವಚನ, ದಾಸರ ಪದ, ಶಿಶುನಾಳ ಷರೀಫರ ಪದ ಯಾರಾದರೂ ಹಾಡಬಹುದು, ಅವುಗಳ ಸಾಹಿತ್ಯಕ್ಕೆ ಹಕ್ಕಿನ ಕಟ್ಟಿಲ್ಲ. ಆದರೆ ಈಚಿನ ಸಂಗೀತಗಾರರು ಹಾಕಿದ ರಾಗಕ್ಕೆ ಇದೆ. ದಾಸರ ಪದ ತಾನೇ ಎಂದು ಕ್ಯಾಸೆಟ್ಟಿನಲ್ಲಿ ಕೇಳಿದ ಸಂಯೋಜನೆಯನ್ನೇ ಹಾಡಿ ಅಪ್‌ಲೋಡ್ ಮಾಡಿದರೆ ಯೂಟ್ಯೂಬಿನಲ್ಲಿ ಹಕ್ಕುದಾರರ ಕ್ಲೇಮ್ ಬರುತ್ತದೆ. ಕವಿಗಳ ಹಕ್ಕು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಬೇಂದ್ರೆಯವರು ಹೋದದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ. ಕುವೆಂಪು ಅವರದು 2054ರವರೆಗೆ. ಹಕ್ಕುದಾರರ ಒಪ್ಪಿಗೆಯನ್ನು ರೆಕಾರ್ಡಿಂಗಿಗೆ ಮುಂಚೆಯೇ, ಬರಹದಲ್ಲೇ ಪಡೆಯಿರಿ.

ಕಂಪನಿಯ ಜೊತೆಗೇ ಹೋಗುವ ಮನಸ್ಸಿದ್ದರೆ ಕರಾರಿನಲ್ಲಿ ಮೊದಲು ಅವಧಿ ನೋಡಿ. ಸಾಹಿತ್ಯ, ರಾಗದಂಥ ನಿಮ್ಮದಾದ ಹಕ್ಕನ್ನು ಬಿಟ್ಟುಕೊಡುವ ಪತ್ರದಲ್ಲಿ ಎಷ್ಟು ವರ್ಷ ಎಂದು ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ತಿಳಿಯುತ್ತದೆ. ಯಾವ ಪ್ರದೇಶ ಎಂದು ಬರೆಯದಿದ್ದರೆ ಭಾರತ ಮಾತ್ರ. ಅದಕ್ಕೇ ಕಂಪನಿಯವರು 'ಶಾಶ್ವತವಾಗಿ', 'ಇಡೀ ಜಗತ್ತಿಗೆ' ಎಂದು ಬರೆಸುವುದು. ಆ ಎರಡು ಪದಗಳ ಮೇಲೆ ಬೆರಳಿಟ್ಟು ಏಳು ವರ್ಷ ಮಾಡಿ ಎಂದು ಕೇಳಿ. ಕೇಳಿದರೆ ಕೆಲವರಾದರೂ ಒಪ್ಪುತ್ತಾರೆ. ಇನ್ನೊಂದು ವಿಷಯ. 2012ರ ತಿದ್ದುಪಡಿಯಾದ ಮೇಲೆ ಸಾಹಿತ್ಯ ಬರೆದವರು ಮತ್ತು ರಾಗ ಹಾಕಿದವರು ತಮ್ಮ ರಾಯಧನದ ಪಾಲನ್ನು ಕಂಪನಿಗೆ ಬಿಟ್ಟುಕೊಡುತ್ತೇವೆ ಎಂದು ಸಹಿ ಮಾಡಿದ್ದರೂ ಅದು ನಡೆಯುವುದಿಲ್ಲ. ಆ ಪಾಲು ಬರಬೇಕಾದರೆ ರಾಯಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸದಸ್ಯರಾಗಬೇಕು. 1969ರಲ್ಲಿ ಶುರುವಾದ ಸಂಸ್ಥೆ ಅದು. ಗಾಯಕರಿಗೆ ಬೇರೆ ಸಂಘವಿದೆ.

ಹದಿನೈದು ವರ್ಷದ ಹಿಂದೆ ಒಬ್ಬ ಜಾನಪದ ಗಾಯಕರು ನನ್ನ ಎದುರೇ 10,000 ರೂಪಾಯಿಗೆ ಎಂಟು ಹಾಡಿನ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರು. ಆಗ ನನಗೂ ಇದೆಲ್ಲ ಗೊತ್ತಿರಲಿಲ್ಲ, ಸುಮ್ಮನಿದ್ದೆ. ಈಗ ಅವರಿಲ್ಲ. ಹಾಡುಗಳು ಜಾತ್ರೆಗಳಲ್ಲಿ, ರೀಲ್ಸ್‌ಗಳಲ್ಲಿ ಓಡುತ್ತಿವೆ. ಮನೆಯವರಿಗೆ ಏನೂ ಬರುವುದಿಲ್ಲ. ಹೋದ ವರ್ಷ ಅವರ ಮಗ ಬಂದು, "ಅಪ್ಪನ ದನಿ ಒಂದು ಕಾಪಿ ಸಿಗುತ್ತಾ ಅಣ್ಣಾ?" ಎಂದು ಕೇಳಿದ. ನನ್ನ ಹಾರ್ಡ್ ಡಿಸ್ಕಿನಲ್ಲಿ ಹಾಡುಗಳಿದ್ದವು. ಕೊಡುವ ಹಕ್ಕು ನನಗಿರಲಿಲ್ಲ.

ಸ್ವಂತವಾಗಿ ಬಿಡುಗಡೆ ಮಾಡುವವರಿಗೆ ಒಂದು ಮಾತು. ಪ್ರತಿ ಮಾಸ್ಟರಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಹಾಡನ್ನು ಆ್ಯಪ್‌ಗಳಿಗೆ ಹಾಕಿಕೊಡುವ ಡಿಸ್ಟ್ರಿಬ್ಯೂಟರ್‌ಗಳೇ ಅದನ್ನು ಸಾಮಾನ್ಯವಾಗಿ ಕೊಡುತ್ತಾರೆ. ಬರೆದಿಟ್ಟುಕೊಳ್ಳಿ. ಡಿಸ್ಟ್ರಿಬ್ಯೂಟರ್ ಬದಲಾಯಿಸಿದರೂ ಅದನ್ನೇ ಬಳಸಿ. ಮೊದಲ ವರ್ಷ ದುಡ್ಡಿನ ನಿರೀಕ್ಷೆ ಬೇಡ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದಿದ್ದರೆ ಏನೂ ಸಿಗುವುದಿಲ್ಲ.

ಊರಿನ ಸಂಘಗಳಿಗೂ ಹೇಳುವುದಿದೆ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುತ್ತೀರಿ, ಪೆಂಡಾಲು, ದೀಪ, ಹಾರ ಎಲ್ಲಾ ಇರಲಿ. ಅದರ ಜೊತೆಗೆ ವರ್ಷಕ್ಕೆ ನಿಮ್ಮೂರಿನ ಒಬ್ಬ ಹುಡುಗನದೋ ಹುಡುಗಿಯದೋ ಎರಡು ಹಾಡು ರೆಕಾರ್ಡ್ ಮಾಡಿಸಿ. ಹಕ್ಕನ್ನು ಅವರ ಹೆಸರಿಗೇ ಬಿಡಿ.

ದಾವಣಗೆರೆಯ ಹುಡುಗಿ ಕಂಪನಿಗೆ ಏಳು ವರ್ಷ ಎಂದು ಕೇಳಿದಳು. ಅವರು ಒಪ್ಪಲಿಲ್ಲ. ನಾಲ್ಕು ಹಾಡನ್ನು ಎರಡಕ್ಕೆ ಇಳಿಸಿದೆವು, 49,000 ಆಯಿತು. ಅವಳ ಬಡಾವಣೆಯ ಕನ್ನಡ ಸಂಘದವರು 30,000 ಕೊಟ್ಟರು. ಉಳಿದದ್ದು ಅವಳು ಮಕ್ಕಳಿಗೆ ಪಾಠ ಹೇಳಿ ಉಳಿಸಿದ ದುಡ್ಡು. ಮೊದಲ ಹಾಡು ಅವಳದೇ ಸಾಹಿತ್ಯ, ಕಳೆದ ಮಂಗಳವಾರ ದನಿಯ ರೆಕಾರ್ಡಿಂಗ್ ಮುಗಿಯಿತು. ಎರಡನೆಯದಕ್ಕೆ ಕವಿಯ ಮನೆಯವರಿಂದ ಒಪ್ಪಿಗೆ ಪತ್ರ ಬರಬೇಕು. ಬಂದ ದಿನವೇ ಕೊಳಲಿನವರಿಗೆ ಫೋನ್ ಮಾಡುತ್ತೇನೆ.