ಹೆಡ್‌ಫೋನ್ ಕೇಬಲ್: ಕೌಶಲವೆಲ್ಲ ಎರಡು ತುದಿಗಳಲ್ಲಿ

ಹೆಡ್‌ಫೋನಿನ ಒಂದು ಬದಿಯ ಸದ್ದು ಬಿಟ್ಟುಬಿಟ್ಟು ಬರತೊಡಗಿದರೆ ದೋಷವನ್ನು ಮೊದಲು ಹುಡುಕಬೇಕಾದದ್ದು ಪ್ಲಗ್‌ನಿಂದ ಒಂದೆರಡು ಸೆಂಟಿಮೀಟರ್ ಆಚೆಗೆ, ಗಟ್ಟಿ ರಬ್ಬರಿನ ಕುತ್ತಿಗೆ ಮುಗಿದು ಮೆತ್ತನೆಯ ತಂತಿ ಶುರುವಾಗುವ ಜಾಗದಲ್ಲಿ. ಕಿವಿಯ ಬಳಿಯಿರುವ ಧ್ವನಿಪೊರೆ, ಅದನ್ನು ಅಲುಗಿಸುವ ಸುರುಳಿ, ಅಯಸ್ಕಾಂತ ಇವೆಲ್ಲ ದಶಕಗಳ ಕಾಲ ಬಾಳಬಲ್ಲವು. ಕೇಬಲ್ಲಿಗೆ ಆ ಆಯುಷ್ಯವಿಲ್ಲ. ತಾಮ್ರದ ತಂತಿಯನ್ನು ಬಾಗಿಸಿದಾಗ ಬಾಗಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಇದು ಸಾವಿರಾರು ಸಲ ನಡೆದಾಗ ಲೋಹ ದಣಿದು, ಸೂಕ್ಷ್ಮ ಬಿರುಕು ಹುಟ್ಟಿ, ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಗಟ್ಟಿಯ ಭಾಗವೂ ಮೆತ್ತನೆಯ ಭಾಗವೂ ಕೂಡುವಲ್ಲಿ ಬಾಗುವಿಕೆಯೆಲ್ಲ ಒಂದೇ ಬಿಂದುವಿಗೆ ಬಂದು ಸೇರುವುದರಿಂದ ಸಾವು ಅಲ್ಲೇ ಸಂಭವಿಸುತ್ತದೆ. ಹಾಗೆ ಸತ್ತ ಕೇಬಲ್ಲಿನ ಬದಲು ಹೊಸದನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆಂಬುದೇ ಈ ಬರಹದ ವಿಷಯ.

ತಂತಿ ಹೀಗೆ ಕಡಿಯುವುದಕ್ಕೆ ಪರಿಹಾರ ಎಳೆಗಳ ತೆಳುವಿನಲ್ಲಿದೆ. 10 ಮಿಲಿಮೀಟರ್ ತ್ರಿಜ್ಯದಲ್ಲಿ ಬಾಗಿಸಿದ 0.4 ಮಿಲಿಮೀಟರ್ ದಪ್ಪದ ಒಂಟಿ ತಂತಿಯ ಹೊರಮೈ ಶೇಕಡಾ 2ರಷ್ಟು ಹಿಗ್ಗಬೇಕಾಗುತ್ತದೆ. ಅಷ್ಟೇ ತಾಮ್ರವನ್ನು 0.05 ಮಿಲಿಮೀಟರ್ ದಪ್ಪದ ಸುಮಾರು 65 ಎಳೆಗಳಾಗಿ ಹಂಚಿದರೆ ಪ್ರತಿ ಎಳೆಯೂ ಹಿಗ್ಗುವುದು ಶೇಕಡಾ 0.25ರಷ್ಟು ಮಾತ್ರ. ಹೆಡ್‌ಫೋನ್ ತಯಾರಕರು ಕೂದಲಿಗಿಂತ ತೆಳುವಾದ ಎಳೆಗಳನ್ನು ನೂಲಿನ ದಾರದೊಂದಿಗೆ ಹೊಸೆಯುವುದು ಇದೇ ಕಾರಣಕ್ಕೆ. ಮನೆಯಲ್ಲೇ ಕೇಬಲ್ ಮಾಡಲು ಹೊರಟವರು ತಂತಿಯನ್ನು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ತಾಮ್ರದ ಶುದ್ಧತೆಯದಲ್ಲ, ಎಳೆಗಳ ಸಂಖ್ಯೆಯದು.

ಎಲ್ಲ ಹೆಡ್‌ಫೋನಿಗೂ ಹೊಸ ಕೇಬಲ್ ಮಾಡಲು ಬರುವುದಿಲ್ಲ. ಕೇಬಲ್ ಕಳಚಿ ಹಾಕುವಂತಿದ್ದರೆ ಕೆಲಸ ಸುಲಭ. ಸೆನ್‌ಹೈಸರ್ ಕಂಪನಿಯ ಎಚ್‌ಡಿ 600 ಮಾದರಿಗೆ ಎರಡೂ ಕಿವಿಗೆ ಪ್ರತ್ಯೇಕವಾದ ಎರಡು ಕಡ್ಡಿಗಳ ಕನೆಕ್ಟರ್ ಇದೆ. ಒಂದು ಕಡ್ಡಿ ಇನ್ನೊಂದಕ್ಕಿಂತ ದಪ್ಪವಾದ್ದರಿಂದ ತಿರುಗುಮುರುಗಾಗಿ ಹಾಕಲು ಸಾಧ್ಯವೇ ಇಲ್ಲ. ಕಿವಿಯೊಳಗೆ ಕೂರುವ ಇಯರ್‌ಫೋನುಗಳಲ್ಲಿ 0.78 ಮಿಲಿಮೀಟರಿನ ಎರಡು ಕಡ್ಡಿಗಳ ಕನೆಕ್ಟರು ಅಥವಾ ಎಂಎಂಸಿಎಕ್ಸ್ ಎಂಬ ದುಂಡನೆಯ ಪುಟ್ಟ ಕನೆಕ್ಟರು ಇರುತ್ತದೆ. ಎಕೆಜಿ ಕೆ240ರಂತಹ ಹೆಡ್‌ಫೋನಿಗೆ ಕೇಬಲ್ ಒಂದೇ ಬದಿಯಿಂದ, ಮೂರು ಕಡ್ಡಿಗಳ ಮಿನಿ ಎಕ್ಸ್‌ಎಲ್‌ಆರ್ ಎಂಬ ಕನೆಕ್ಟರ್ ಮೂಲಕ ಹೋಗುತ್ತದೆ. ಈ ಕನೆಕ್ಟರುಗಳು, ತಂತಿ, ಪ್ಲಗ್ ಎಲ್ಲವೂ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತವೆ. ಬೆಂಗಳೂರಿನವರು ಪ್ಲಗ್, ಬೆಸುಗೆ ತಂತಿ, ಬಿಸಿಗೆ ಕುಗ್ಗಿ ತಂತಿಯನ್ನು ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಮುಂತಾದ ಸಾಮಾನ್ಯ ಭಾಗಗಳನ್ನು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬಹುದು.

ಇನ್ನು ತಂತಿಯ ದಪ್ಪದ ವಿಚಾರ. ದುಬಾರಿ ಕೇಬಲ್ಲುಗಳ ಜಾಹೀರಾತಿನಲ್ಲಿ ಬೆಳ್ಳಿ, ಆಮ್ಲಜನಕರಹಿತ ತಾಮ್ರ, ಏಕಸ್ಫಟಿಕ ತಾಮ್ರ ಮುಂತಾದ ಮಾತುಗಳು ಬರುವುದರಿಂದ ಲೆಕ್ಕವನ್ನು ನಾವೇ ಮಾಡಿ ನೋಡುವುದು ಒಳ್ಳೆಯದು. ಎಡಬ್ಲ್ಯೂಜಿ ಎಂಬ ಅಮೆರಿಕನ್ ಅಳತೆಯಲ್ಲಿ 26 ಗೇಜಿನ, ಅಂದರೆ ಸುಮಾರು 0.4 ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.134 ಓಂ ರೋಧವಿದೆ. ಕೇಬಲ್ ಒಂದೂವರೆ ಮೀಟರ್ ಉದ್ದವಿದ್ದರೆ ವಿದ್ಯುತ್ತು ಹೋಗಿ ಬರುವ ದಾರಿ 3 ಮೀಟರ್, ಒಟ್ಟು ರೋಧ 0.4 ಓಂ. 32 ಓಂ ಹೆಡ್‌ಫೋನಿನಲ್ಲಿ ಇದರಿಂದಾಗುವ ನಷ್ಟ ಸುಮಾರು 0.11 ಡೆಸಿಬೆಲ್, 300 ಓಂ ಇರುವ ಎಚ್‌ಡಿ 600ರಲ್ಲಿ ಸುಮಾರು 0.01 ಡೆಸಿಬೆಲ್. ತಾಮ್ರದ ಬದಲು ಅದೇ ದಪ್ಪದ ಬೆಳ್ಳಿಯನ್ನು ಹಾಕಿದರೆ, ಬೆಳ್ಳಿಯ ರೋಧಕತೆ ಶೇಕಡಾ 5ರಿಂದ 6ರಷ್ಟು ಕಡಿಮೆಯಿರುವುದರಿಂದ, 32 ಓಂ ಹೆಡ್‌ಫೋನಿನಲ್ಲಿ ಉಳಿತಾಯವಾಗುವುದು ಡೆಸಿಬೆಲ್‌ನ ಸಾವಿರ ಭಾಗಗಳಲ್ಲಿ ಆರರಷ್ಟು. ಇಷ್ಟು ಸಣ್ಣ ವ್ಯತ್ಯಾಸವನ್ನು ಯಾವ ಕಿವಿಯೂ ಗುರುತಿಸಲಾರದು, ಮತ್ತು ತಾಮ್ರದ ತಂತಿಯನ್ನೇ ಕೊಂಚ ದಪ್ಪಗಿನದನ್ನು ಆರಿಸಿಕೊಂಡರೆ ಬೆಳ್ಳಿಯ ಈ ಮೇಲುಗೈಯೂ ಇಲ್ಲವಾಗುತ್ತದೆ. ಹೆಚ್ಚಿನ ಆವರ್ತನದ ವಿದ್ಯುತ್ತು ತಂತಿಯ ಮೇಲ್ಮೈಯಲ್ಲಷ್ಟೇ ಹರಿಯುತ್ತದೆ ಎಂಬ ಮಾತೂ ಇಲ್ಲಿ ಅನ್ವಯಿಸುವುದಿಲ್ಲ. 20,000 ಹರ್ಟ್ಸ್‌ನಲ್ಲಿ ಆ ಪದರದ ಆಳ ತಾಮ್ರದಲ್ಲಿ 0.46 ಮಿಲಿಮೀಟರ್, ನಮ್ಮ ತಂತಿಯ ತ್ರಿಜ್ಯ ಅದರ ಅರ್ಧಕ್ಕಿಂತ ಕಡಿಮೆ. ಒಳ್ಳೆಯ ಸಾಮಾನ್ಯ ತಾಮ್ರ ಸಾಕು ಎಂದು ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ.

ಹಾಗೆಂದು ಕೇಬಲ್ಲಿನ ರೋಧ ಎಲ್ಲೆಡೆಯೂ ನಗಣ್ಯವೆಂದು ತಿಳಿಯಬಾರದು. ಎರಡು ಕಡೆ ಅದು ನಿಜವಾಗಿಯೂ ಕಿವಿಗೆ ತಲುಪುತ್ತದೆ, ಮತ್ತು ಮನೆಯಲ್ಲೇ ಕೇಬಲ್ ಮಾಡುವುದಕ್ಕೆ ವೈಜ್ಞಾನಿಕ ಸಮರ್ಥನೆ ಸಿಗುವುದೂ ಅಲ್ಲಿಯೇ.

ಮೊದಲನೆಯದು, ಹಲವು ಪುಟ್ಟ ಧ್ವನಿಘಟಕಗಳನ್ನು ಒಟ್ಟುಗೂಡಿಸಿದ ಇಯರ್‌ಫೋನ್. ಇಂಥವುಗಳ ಇಂಪೀಡೆನ್ಸ್, ಅಂದರೆ ಸಂಕೇತದ ವಿದ್ಯುತ್ತಿಗೆ ಅವು ಒಡ್ಡುವ ತಡೆ, ಎಲ್ಲ ಆವರ್ತನಗಳಲ್ಲಿ ಒಂದೇ ಇರುವುದಿಲ್ಲ. ಒಂದು ಆವರ್ತನದಲ್ಲಿ 30 ಓಂ, ಇನ್ನೊಂದರಲ್ಲಿ 6 ಓಂ ಇದೆ ಎಂದಿಟ್ಟುಕೊಳ್ಳೋಣ. ಕೇಬಲ್ಲಿನ ರೋಧ 1 ಓಂ ಆಗಿದ್ದರೆ ಮೊದಲನೆಯ ಆವರ್ತನದಲ್ಲಿ ನಷ್ಟ ಸುಮಾರು 0.3 ಡೆಸಿಬೆಲ್, ಎರಡನೆಯದರಲ್ಲಿ ಸುಮಾರು 1.3 ಡೆಸಿಬೆಲ್. ಅಂದರೆ ಒಟ್ಟಾರೆ ಸದ್ದು ತಗ್ಗುವುದಷ್ಟೇ ಅಲ್ಲ, ಸ್ವರಗಳ ನಡುವಿನ ಅನುಪಾತವೇ 1 ಡೆಸಿಬೆಲ್‌ನಷ್ಟು ಬದಲಾಗುತ್ತದೆ. ಗಮನವಿಟ್ಟು ಕೇಳುವವರಿಗೆ ಇದು ತಿಳಿಯುತ್ತದೆ. ಕೇಬಲ್ ಬದಲಿಸಿದಾಗ ಧ್ವನಿಯೂ ಬದಲಾಯಿತೆಂದು ಹೇಳುವವರ ಅನುಭವಕ್ಕೆ ಕೆಲವು ಸಂದರ್ಭಗಳಲ್ಲಿ ಈ ಭದ್ರವಾದ ಆಧಾರವಿದೆ. ಕಾರಣ ಮಾತ್ರ ಲೋಹದ ಜಾತಿಯಲ್ಲ, ಓಮ್‌ನ ನಿಯಮ.

ಎರಡನೆಯದು ಇನ್ನೂ ಮುಖ್ಯವಾದದ್ದು. ಅಗ್ಗದ ಹಲವು ಕೇಬಲ್ಲುಗಳಲ್ಲಿ ಎಡಕ್ಕೊಂದು, ಬಲಕ್ಕೊಂದು, ಎರಡಕ್ಕೂ ಸೇರಿ ಮರಳುದಾರಿಯಾಗಿ ಇನ್ನೊಂದು ಹೀಗೆ ಮೂರೇ ತಂತಿಗಳಿರುತ್ತವೆ. ಇನ್ನೂ ತೆಳುವಾದ 28 ಗೇಜಿನ ಒಂದೂವರೆ ಮೀಟರ್ ತಂತಿಗೆ ಸುಮಾರು 0.32 ಓಂ ರೋಧ. ಎಡಗಿವಿಯ ವಿದ್ಯುತ್ತು ಈ ಹಂಚಿಕೊಂಡ ತಂತಿಯ ಮೂಲಕ ಮರಳುವಾಗ ಅದರ ಮೇಲೆ ಸಣ್ಣದೊಂದು ವೋಲ್ಟೇಜ್ ಹುಟ್ಟುತ್ತದೆ; ಬಲಗಿವಿಯ ಘಟಕದ ಒಂದು ತುದಿ ಅದೇ ತಂತಿಗೆ ಅಂಟಿಕೊಂಡಿರುವುದರಿಂದ ಆ ವೋಲ್ಟೇಜ್ ಅದನ್ನೂ ಅಲುಗಿಸುತ್ತದೆ. 32 ಓಂ ಹೆಡ್‌ಫೋನಿನಲ್ಲಿ ಎಡದ ಸಂಗೀತದ ನೂರರಲ್ಲೊಂದು ಭಾಗ, ಅಂದರೆ 40 ಡೆಸಿಬೆಲ್ ಕೆಳಗಿನ ಮಟ್ಟದಲ್ಲಿ, ತಲೆಕೆಳಗಾದ ರೂಪದಲ್ಲಿ ಬಲಗಿವಿಗೆ ಸೋರುತ್ತದೆ. ಎರಡೂ ಕಿವಿಗೆ ಬೇರೆ ಬೇರೆ ಮರಳುತಂತಿಯನ್ನು ಹಾಕಿ, ಅವೆರಡನ್ನೂ ಪ್ಲಗ್‌ನ ಒಳಗೇ ಕೂಡಿಸಿದರೆ ಹಂಚಿಕೆಯಾಗಿ ಉಳಿಯುವುದು ಪ್ಲಗ್‌ನ ಸಂಪರ್ಕರೋಧ ಮಾತ್ರ. ಹೀಗೆ ನಾಲ್ಕು ತಂತಿಗಳ ಕೇಬಲ್ ಮಾಡುವುದಕ್ಕೆ ತಗಲುವ ಹೆಚ್ಚುವರಿ ಖರ್ಚು ಒಂದೂವರೆ ಮೀಟರ್ ತಂತಿಯದು. ಇಷ್ಟು ಕಡಿಮೆ ಬೆಲೆಗೆ ಅಳೆಯಬಹುದಾದ ಇಂತಹ ಸುಧಾರಣೆ ಈ ಕೆಲಸದಲ್ಲಿ ಮತ್ತೊಂದಿಲ್ಲ. ಮೂರು ಕಡ್ಡಿಗಳ ಕನೆಕ್ಟರ್ ಇರುವ ಹೆಡ್‌ಫೋನಿನಲ್ಲಿ ಈ ಬೇರ್ಪಡಿಕೆಗೆ ಅವಕಾಶವಿಲ್ಲ. ಅಲ್ಲಿ ಮರಳುದಾರಿಗೆ ದಪ್ಪನೆಯ ತಂತಿಯನ್ನು ಬಳಸುವುದೊಂದೇ ಉಪಾಯ.

ನಾವು ಬಳಸುವ ಪ್ಲಗ್‌ನ ಮೂಲ 19ನೇ ಶತಮಾನದ ಟೆಲಿಫೋನ್ ವಿನಿಮಯ ಕೇಂದ್ರ. ಕರೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಆಪರೇಟರುಗಳಿಗಾಗಿ ರೂಪುಗೊಂಡ ಕಾಲಿಂಚು ದಪ್ಪದ, ಅಂದರೆ 6.35 ಮಿಲಿಮೀಟರಿನ ಪ್ಲಗ್ ಇಂದಿಗೂ ಸ್ಟುಡಿಯೋಗಳಲ್ಲಿದೆ. ಟ್ರಾನ್ಸಿಸ್ಟರ್ ರೇಡಿಯೋ ಕಾಲದಲ್ಲಿ ಬಂದ 3.5 ಮಿಲಿಮೀಟರಿನ ಪ್ಲಗ್ 1979ರ ವಾಕ್‌ಮನ್ ಮೂಲಕ ಮನೆಮಾತಾಯಿತು. ಎರಡರಲ್ಲೂ ಕ್ರಮ ಒಂದೇ: ತುದಿ ಎಡಕ್ಕೆ, ನಡುವಿನ ಉಂಗುರ ಬಲಕ್ಕೆ, ಬುಡದ ಕೊಳವೆಯಂಥ ಭಾಗ ಮರಳುದಾರಿಗೆ. ನಾಲ್ಕು ತಂತಿಯ ಕೇಬಲ್ ಮಾಡಿಕೊಂಡವರು ಮುಂದೆ ಬೇಕಾದಾಗ ಪ್ಲಗ್ ಕತ್ತರಿಸಿ 4.4 ಮಿಲಿಮೀಟರಿನ ಐದು ಸಂಪರ್ಕಗಳ, ಎರಡೂ ಕಿವಿಯ ಮರಳುದಾರಿಗಳನ್ನು ಬೇರೆಯಾಗಿಯೇ ಇಡುವ ಬ್ಯಾಲೆನ್ಸ್ಡ್ ಪ್ಲಗ್ ಹಾಕಿಕೊಳ್ಳಬಹುದು. ಅಲ್ಲಿ ತುದಿಯಿಂದ ಕ್ರಮವಾಗಿ ಎಡದ ಧನ, ಎಡದ ಋಣ, ಬಲದ ಧನ, ಬಲದ ಋಣ ಬರುತ್ತವೆ. ಬುಡದ ಸಂಪರ್ಕವನ್ನು ಹೆಡ್‌ಫೋನಿಗೆ ಜೋಡಿಸುವುದಿಲ್ಲ. ಒಂದು ಎಚ್ಚರಿಕೆ ಅತ್ಯಗತ್ಯ: ಬ್ಯಾಲೆನ್ಸ್ಡ್ ಆಂಪ್ಲಿಫೈಯರಿನಲ್ಲಿ ಋಣ ತಂತಿಗಳೂ ಸಂಕೇತವನ್ನು ಹೊರುತ್ತವೆ. ಅದರಿಂದ ಸಾಧಾರಣ 3.5 ಮಿಲಿಮೀಟರಿಗೆ ಇಳಿಸುವ ಅಡಾಪ್ಟರನ್ನು ಮಾಡಹೊರಟು ಎರಡು ಋಣಗಳನ್ನು ಒಂದುಗೂಡಿಸಿದರೆ ಆಂಪ್ಲಿಫೈಯರೇ ಸುಟ್ಟುಹೋಗಬಹುದು.

ನಾಲ್ಕು ತಂತಿಗಳನ್ನು ಜಡೆ ಹೆಣೆದಂತೆ ಹೆಣೆಯುವುದು ನೋಟಕ್ಕೂ ಚೆನ್ನ, ಉಪಯೋಗಕ್ಕೂ ಚೆನ್ನ. ಹೋಗುವ ಮತ್ತು ಮರಳುವ ತಂತಿಗಳು ಒಂದನ್ನೊಂದು ಸುತ್ತಿಕೊಂಡಿದ್ದರೆ ಹೊರಗಿನ ಕಾಂತಕ್ಷೇತ್ರ ಅವುಗಳಲ್ಲಿ ಹುಟ್ಟಿಸುವ ವೋಲ್ಟೇಜ್‌ಗಳು ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಪರಸ್ಪರ ರದ್ದಾಗುತ್ತವೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಟೆಲಿಫೋನ್ ತಂತಿಗಳಿಗಾಗಿ ಪೇಟೆಂಟ್ ಪಡೆದದ್ದು ಈ ಉಪಾಯಕ್ಕೇ. ಹೆಡ್‌ಫೋನಿನ ಮಟ್ಟದ ಸಂಕೇತಕ್ಕೆ ಇಷ್ಟು ರಕ್ಷಣೆಯ ಅಗತ್ಯ ಬೀಳುವುದು ಅಪರೂಪವಾದರೂ ಹೆಣೆದ ಕೇಬಲ್ ಗಂಟುಬೀಳದೆ, ಎಲ್ಲ ದಿಕ್ಕಿಗೂ ಸಮನಾಗಿ ಬಾಗುತ್ತದೆ. ಮೇಲೆ ಬಟ್ಟೆಯ ಹೊದಿಕೆ ಹಾಕುವ ಮುನ್ನ ಯೋಚಿಸಿ: ಗಡುಸಾದ ಹೊದಿಕೆ ಅಂಗಿಗೆ ಉಜ್ಜಿದ ಸದ್ದು ತಂತಿಯ ಮೂಲಕವೇ ಕಂಪನವಾಗಿ ಕಿವಿಗೆ ಏರುತ್ತದೆ. ಮೇಜಿನ ಮುಂದೆ ಕೂತು ಕೇಳುವವರಿಗೆ ಇದು ತೊಂದರೆಯಲ್ಲ. ನಡೆಯುತ್ತ ಕೇಳುವವರಿಗೆ ಖಂಡಿತ ತೊಂದರೆ.

ಕೈಗೆ ನಿಜವಾದ ಪರೀಕ್ಷೆ ಬೆಸುಗೆಯಲ್ಲಿ. ಮನೆಯ ಕೆಲಸಕ್ಕೆ 63 ಭಾಗ ತವರ, 37 ಭಾಗ ಸೀಸ ಇರುವ ಬೆಸುಗೆ ತಂತಿ ಅನುಕೂಲ, ಏಕೆಂದರೆ ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡುವೆ ಮುದ್ದೆಯ ಸ್ಥಿತಿಯಿಲ್ಲದೆ ನೇರವಾಗಿ ಕರಗುತ್ತದೆ, ನೇರವಾಗಿ ಹೆಪ್ಪುಗಟ್ಟುತ್ತದೆ; ಹೆಪ್ಪುಗಟ್ಟುವ ಕ್ಷಣದಲ್ಲಿ ಕೈ ಅಲುಗಿ ಜೋಡಣೆ ಹಾಳಾಗುವ ಸಾಧ್ಯತೆ ಕಡಿಮೆ. ಸೀಸವಿಲ್ಲದ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಬೆಸುಗೆ ಎಂದರೆ ಅಂಟು ಹಚ್ಚುವುದಲ್ಲ: ಕರಗಿದ ತವರವು ತಾಮ್ರದೊಂದಿಗೆ ಸಂಯೋಗಗೊಂಡು ನಡುವೆ ಒಂದು ಹೊಸ ಸಂಯುಕ್ತದ ತೆಳುಪದರ ಹುಟ್ಟಿದಾಗ ಮಾತ್ರ ಬಂಧ ನಿಲ್ಲುತ್ತದೆ. ತಾಮ್ರದ ಮೇಲಿನ ಆಕ್ಸೈಡ್ ಇದಕ್ಕೆ ಅಡ್ಡಿ. ಬೆಸುಗೆ ತಂತಿಯೊಳಗೆ ತುಂಬಿರುವ ಪೈನ್ ಮರದ ರಾಳ ಬಿಸಿಯಲ್ಲಿ ಆಮ್ಲವಾಗಿ ವರ್ತಿಸಿ ಆ ಆಕ್ಸೈಡನ್ನು ಕರಗಿಸುತ್ತದೆ. ಆದ್ದರಿಂದ ಬಿಸಿ ಮಾಡಬೇಕಾದದ್ದು ಬೆಸುಗೆ ತಂತಿಯನ್ನಲ್ಲ, ಜೋಡಿಸಬೇಕಾದ ಲೋಹವನ್ನು. 350 ಡಿಗ್ರಿಯ ಆಸುಪಾಸಿನ ಸೋಲ್ಡರಿಂಗ್ ಐರನ್ನಿನ ಮೊನೆಯನ್ನು ಪ್ಲಗ್‌ನ ಒಳಗೆ ತಂತಿ ಕೂರುವ ಲೋಹದ ಕಿವಿಗೂ ತಂತಿಗೂ ಒಟ್ಟಿಗೆ ತಾಗಿಸಿ, ಎದುರು ಬದಿಯಿಂದ ಬೆಸುಗೆಯನ್ನು ಮುಟ್ಟಿಸಿದರೆ ಅದು ತಾನಾಗಿ ಹರಿದು ಎಳೆಗಳ ನಡುವೆ ಇಳಿಯುತ್ತದೆ. ಗೋಲಿಯಂತೆ ದುಂಡಗೆ ನಿಂತರೆ ಬೆಸುಗೆ ಲೋಹದ ಮೇಲೆ ಹರಡಿ ಹಿಡಿದಿಲ್ಲ ಎಂದರ್ಥ.

ಪ್ಲಗ್‌ನ ಸಂಪರ್ಕಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಉಂಗುರಗಳು ಶಾಖಕ್ಕೆ ಬೇಗ ಮೆತ್ತಗಾಗುತ್ತವೆ. ಬೆಸೆಯುವಾಗ ಪ್ಲಗ್ಗನ್ನು ಒಂದು ಹಳೆಯ ಸಾಕೆಟ್ಟಿಗೆ ಸಿಕ್ಕಿಸಿಟ್ಟರೆ ಸಾಕೆಟ್ಟಿನ ಲೋಹ ಶಾಖವನ್ನು ಹೀರುತ್ತದೆ, ಮೆತ್ತಗಾದ ಭಾಗಗಳೂ ಸ್ಥಾನ ತಪ್ಪುವುದಿಲ್ಲ. ಹಳೆಯ ಹೆಡ್‌ಫೋನಿನ ತಂತಿಯನ್ನೇ ಮರುಬಳಕೆ ಮಾಡುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಅದರ ಕೆಂಪು, ಹಸಿರು ಎಳೆಗಳ ಬಣ್ಣ ಬರೀ ಬಣ್ಣವಲ್ಲ, ವಿದ್ಯುತ್ ನಿರೋಧಕ ಎನಾಮೆಲ್. ಅದನ್ನು ತೆಗೆಯದ ಹೊರತು ಬೆಸುಗೆ ಹಿಡಿಯುವುದಿಲ್ಲ. ಪಾಲಿಯುರಿಥೇನ್ ಎನಾಮೆಲ್ ಆದರೆ 390 ಡಿಗ್ರಿ ಆಸುಪಾಸಿನ ಬೆಸುಗೆಯ ಹನಿಯಲ್ಲಿ ತುದಿಯನ್ನು ಅದ್ದಿ ಹಿಡಿದಾಗ ಕರಗಿ ಹೋಗುತ್ತದೆ. ಆ ಹೊಗೆಯೂ ರಾಳದ ಹೊಗೆಯೂ ಶ್ವಾಸಕೋಶಕ್ಕೆ ಕೆಟ್ಟದ್ದು. ಕಿಟಕಿ ತೆರೆದಿಡಬೇಕು, ಸೀಸವನ್ನು ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ತೊಳೆಯಲೇಬೇಕು.

ಬೆಸುಗೆಗೆ ಮುನ್ನವೇ ಪ್ಲಗ್‌ನ ಹೊರಕವಚವನ್ನೂ ಹೀಟ್ ಶ್ರಿಂಕ್ ಕೊಳವೆಯನ್ನೂ ತಂತಿಗೆ ಪೋಣಿಸಿಕೊಂಡಿರಬೇಕು. ಆಮೇಲೆ ಅವುಗಳಿಗೆ ದಾರಿಯಿಲ್ಲ. ಈ ಕೊಳವೆಯ ಹಿಂದೆ ಸೊಗಸಾದ ರಸಾಯನಶಾಸ್ತ್ರವಿದೆ. ಪಾಲಿಎಥಿಲೀನ್‌ನಂಥ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ಇಲೆಕ್ಟ್ರಾನ್ ಕಿರಣದಿಂದ ಒಂದಕ್ಕೊಂದು ಬೆಸೆದು, ಬಿಸಿಯಲ್ಲಿ ಹಿಗ್ಗಿಸಿ, ಹಿಗ್ಗಿದ ಸ್ಥಿತಿಯಲ್ಲೇ ತಣಿಸಿರುತ್ತಾರೆ. ಮತ್ತೆ ಬಿಸಿ ತಾಗಿದಾಗ ಆ ಬೆಸುಗೆಬಿಂದುಗಳು ಅದನ್ನು ಮೂಲ ಅಳತೆಗೆ ಎಳೆದುಕೊಳ್ಳುತ್ತವೆ. 1957ರಲ್ಲಿ ಪಾಲ್ ಕುಕ್ ಅಮೆರಿಕದಲ್ಲಿ ಸ್ಥಾಪಿಸಿದ ರೇಕೆಮ್ ಕಂಪನಿ ಬೆಳೆದದ್ದೇ ಇಂಥ ವಿಕಿರಣ ರಸಾಯನಶಾಸ್ತ್ರದ ಮೇಲೆ. ನಮ್ಮ ಕೇಬಲ್ಲಿನಲ್ಲಿ ಈ ಕೊಳವೆಗೆ ಇರುವ ಕೆಲಸ ಅಲಂಕಾರದ್ದಲ್ಲ: ಪ್ಲಗ್‌ನಿಂದ ಹೊರಬರುವ ತಂತಿಗೆ ಉದ್ದನೆಯ ಒಂದು ಪದರ, ಅದರ ಮೇಲೆ ಗಿಡ್ಡನೆಯ ಇನ್ನೊಂದು ಪದರ ಹಾಕಿದರೆ ಗಡುಸುತನ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ, ಬಾಗುವಿಕೆ ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳದೆ ಕೆಲವು ಸೆಂಟಿಮೀಟರಿಗೆ ಹಂಚಿಹೋಗುತ್ತದೆ. ಹಾಗೆಯೇ ಪ್ಲಗ್‌ನೊಳಗಿನ ಹಿಡಿಕೆ ಕೇಬಲ್ಲಿನ ಹೊರಹೊದಿಕೆಯನ್ನು ಬಿಗಿಯಾಗಿ ಕಚ್ಚಿರಬೇಕು; ಎಳೆತದ ಭಾರ ಎಂದಿಗೂ ಬೆಸುಗೆಯ ಮೇಲೆ ಬೀಳಬಾರದು.

ಪರೀಕ್ಷೆಗೆ, ಸಂಪರ್ಕವಿದ್ದಾಗ ಸದ್ದು ಮಾಡುವ ಮಲ್ಟಿಮೀಟರ್ ಒಂದು ಸಾಕು. ಕೇಬಲ್ಲನ್ನು ಹೆಡ್‌ಫೋನಿಗೆ ಹಾಕುವ ಮುನ್ನ ಪ್ರತಿ ತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸಂಪರ್ಕವಿದೆಯೇ ನೋಡಬೇಕು. ಎಡಕ್ಕೂ ಬಲಕ್ಕೂ, ಅವೆರಡರಿಂದ ಮರಳುದಾರಿಗೂ ಸಂಪರ್ಕವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೀಟರು ಸದ್ದು ಮಾಡುತ್ತಿರುವಾಗಲೇ ಕೇಬಲ್ಲಿನ ಕುತ್ತಿಗೆಯನ್ನು ಆಚೀಚೆ ಬಾಗಿಸಿ ನೋಡಿದರೆ ಅರೆಬರೆ ಬೆಸುಗೆ ತನ್ನನ್ನು ತಾನೇ ತೋರಿಸಿಕೊಡುತ್ತದೆ. ಆದರೆ ಒಂದು ಕಿವಿಯಲ್ಲಿ ಧನ ಋಣ ಅದಲುಬದಲಾಗಿರುವುದನ್ನು ಸಂಪರ್ಕದ ಸದ್ದು ಬಿಡಿಸಿ ಹೇಳದಿರಬಹುದು, 0.78 ಮಿಲಿಮೀಟರಿನ ಕನೆಕ್ಟರನ್ನಂತೂ ಹಾಕುವಾಗಲೇ ತಿರುಗಿಸಿಬಿಡುವ ಸಾಧ್ಯತೆಯಿದೆ. ಇದಕ್ಕೆ ಮೊನೊ ಧ್ವನಿಮುದ್ರಣವೇ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವ ಮುದ್ರಣವೇ, ಅತ್ಯುತ್ತಮ ಪರೀಕ್ಷೆ. 1960ರ ದಶಕದ ಕನ್ನಡ ಚಿತ್ರಗೀತೆಗಳಲ್ಲಿ ಪಿ.ಬಿ. ಶ್ರೀನಿವಾಸ್ ಅವರು ಹಾಡಿದ ಯಾವುದಾದರೊಂದನ್ನು ಅದರ ಮೊನೊ ರೂಪದಲ್ಲೇ ಹಾಕಿ ಕೇಳಿ. ಎರಡೂ ಬದಿ ಸರಿಯಾಗಿದ್ದರೆ ಧ್ವನಿ ತಲೆಯ ನಡುವೆ ಒಂದೇ ಕಡೆ ನಿಲ್ಲುತ್ತದೆ. ಅದು ನಡುವನ್ನು ಬಿಟ್ಟು ಎರಡೂ ಕಿವಿಗಳ ಕಡೆಗೆ ಚದುರಿ, ಎಲ್ಲಿಂದ ಬರುತ್ತಿದೆಯೆಂದು ಗೊತ್ತುಮಾಡಲಾಗದಂತೆ ಇದ್ದರೆ ಯಾವುದಾದರೂ ಒಂದು ಬದಿಯಲ್ಲಿ ಮಾತ್ರ ಎರಡು ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಬೆಸೆಯಬೇಕು.