ಕೆಟ್ಟ ಸುದ್ದಿ ಯಜಮಾನರಿಗೆ ಎಷ್ಟು ದಿನಕ್ಕೆ ಮುಟ್ಟುತ್ತದೆ?

ಶಿರಸಿಯಲ್ಲಿ ಲೆಕ್ಕಪರಿಶೋಧಕನಾಗಿ ಇಪ್ಪತ್ತು ವರ್ಷ ದಾಟಿತು. ಅಡಿಕೆ ವ್ಯಾಪಾರಿಗಳು, ಹಾರ್ಡ್‌ವೇರ್ ಅಂಗಡಿಯವರು, ಕಾರವಾರ ಕಡೆಯ ಬೋಟ್ ಮಾಲೀಕರು ನನ್ನ ಹತ್ತಿರ ಬರುತ್ತಾರೆ. ಯಾರು ಒಳ್ಳೆಯ ಯಜಮಾನ ಅಂತ ತಿಳಿಯಲು ನಾನು ಲಾಭದ ಅಂಕಿ ನೋಡುವುದಿಲ್ಲ. ಅಡಿಕೆ ದರ ಏರಿದ ವರ್ಷ ಎಲ್ಲರೂ ಜಾಣರೇ. ವಾಪಸ್ ಬಂದ ಮಾಲಿನ ಕಾಗದ ನೋಡುತ್ತೇನೆ.

ಮಾಲು ಹೊತ್ತು ತಂದ ಲಾರಿಯ ರಸೀದಿಯಲ್ಲಿ ಒಂದು ತಾರೀಖು ಇರುತ್ತದೆ. ಅದನ್ನು ಪುಸ್ತಕಕ್ಕೆ ಹತ್ತಿಸಿದ ತಾರೀಖು ಇನ್ನೊಂದು. ಕೆಲವು ಅಂಗಡಿಗಳಲ್ಲಿ ಎರಡೂ ಒಂದೇ ದಿನ. ಇನ್ನು ಕೆಲವು ಕಡೆ ವರ್ಷವಿಡೀ ಏನೂ ಇಲ್ಲ, ಮಾರ್ಚ್ 31 ಹತ್ತಿರ ಬಂದಾಗ ಎಲ್ಲ ಒಟ್ಟಿಗೆ. ಬರೆಯುವವರು ಸೋಮಾರಿ ಅಂತ ಅಂದ್ಕೋಬೇಡಿ. ಹೇಳಲು ಹೆದರಿ ಚೀಟಿಯನ್ನು ಡ್ರಾಯರಿನಲ್ಲಿ ಇಟ್ಟಿರುತ್ತಾರೆ. ಕ್ಯಾಶ್ ಪುಸ್ತಕವೂ ಹಾಗೇ. ವರ್ಷದಲ್ಲಿ ಒಮ್ಮೆಯೂ ಹತ್ತು ರೂಪಾಯಿ ಕಮ್ಮಿ ಬಿದ್ದಿಲ್ಲ ಅಂದ್ರೆ, ಯಾರೋ ಹುಡುಗ ತನ್ನ ಕಿಸೆಯಿಂದ ತುಂಬಿಸುತ್ತಿದ್ದಾನೆ ಅಂತ ನನಗೆ ಅನುಮಾನ.

ಒಂದು ಚಾಲಿ ಗೋದಾಮಿನ ಕಥೆ ಹೇಳುತ್ತೇನೆ. ಚಾಲಿ ಅಂದ್ರೆ ಒಣಗಿಸಿ ಸುಲಿದ ಅಡಿಕೆ. ಬಿಸಿಲಿಗೆ ಹೆಚ್ಚುಕಮ್ಮಿ ಒಂದೂವರೆ ತಿಂಗಳು ಒಣಗಬೇಕು. ಆಮೇಲೂ ಮಳೆಗಾಲದಲ್ಲಿ ತೇವ ಹಿಡಿದರೆ ಬೂಸ್ಟು. ಜೂನ್‌ನಲ್ಲಿ ಒಬ್ಬ ಹಮಾಲಿ ಗೋಡೆ ಬದಿಯ ಚೀಲಕ್ಕೆ ಕೈ ಹಾಕಿದ. ತಣ್ಣಗಿತ್ತು. ಎರಡು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಹೋಳು ಮಾಡಿದ. ಒಳಗೆ ಕಪ್ಪು. ಲೆಕ್ಕ ಬರೆಯುವ ರೈಟರಿಗೆ ಹೇಳಿದ, ರೈಟರು ಮ್ಯಾನೇಜರಿಗೆ ಹೇಳಿದರು. ಮಾತು ಅಲ್ಲಿಗೇ ನಿಂತಿತು. ಹಿಂದಿನ ವರ್ಷ ಇಂಥದೇ ಸುದ್ದಿ ತಂದವನಿಗೆ ಎಲ್ಲರೆದುರು ಬೈಗುಳ ಬಿದ್ದದ್ದು ಯಾರಿಗೂ ಮರೆತಿರಲಿಲ್ಲ. ಚೌತಿ ಹೊತ್ತಿಗೆ ಯಜಮಾನರ ಕಣ್ಣಿಗೆ ಬಿದ್ದಾಗ ಆ ಸಾಲಿಗೆ ಸಾಲೇ ಹೋಗಿತ್ತು.

ಕಾರವಾರದ ಬೈತಖೋಲ ಬಂದರಿನಲ್ಲಿ ಬೇರೆಯದನ್ನೇ ಕಂಡೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ. ಎರಡು ತಿಂಗಳು ಸಾಲ ಮಾಡಿಯೇ ಕಳೆದವರಿಗೆ ಆಗಸ್ಟಿನ ಮೊದಲ ಟ್ರಿಪ್ ಅಂದ್ರೆ ಜೀವ. ಅಂಥ ದಿನವೇ ಹೊಸ ಖಲಾಸಿಯೊಬ್ಬ, ಅಂದ್ರೆ ಬೋಟಿನ ಕೆಲಸದ ಹುಡುಗ, ಎಂಜಿನ್ ಸದ್ದು ಯಾಕೋ ಬೇರೆ ಬರ್ತಿದೆ ಅಂದ. ಬೋಟ್ ನಡೆಸುವ ತಾಂಡೇಲರು ಸುಮ್ನೆ ಕೂರು ಅನ್ನಲಿಲ್ಲ. ಕೆಳಗಿಳಿದು ನೋಡಿದರು. ಪಂಪ್ ಸೋರುತ್ತಿತ್ತು. ಬೋಟ್ ತಿರುಗಿಸಿದರು. ಮಾಲೀಕರು ದಡದಲ್ಲೇ ಕೇಳಿದರು: 'ಮೊದಲು ಗೊತ್ತಾದದ್ದು ಯಾರಿಗೆ?' ಹುಡುಗ ಹೆದರಿ ಹಿಂದೆ ಸರಿದ. ಅವನ ಕೈಗೆ ಎಲ್ಲರೆದುರು ಐನೂರು ರೂಪಾಯಿ ಕೊಟ್ಟರು. ಆ ದಿನದ ವೋಚರ್ ನನ್ನ ಮೇಜಿಗೆ ಬಂದಿತ್ತು. ಡೀಸೆಲ್, ಐಸ್, ಖಲಾಸಿಗೆ 500. ಮೀನಿನ ಕಾಲಂನಲ್ಲಿ ಸೊನ್ನೆ.

ಸಿಟ್ಟೇ ಮಾಡಬಾರದು ಅಂತ ನಾನು ಹೇಳುವುದಿಲ್ಲ. ಆದರೆ ತಪ್ಪು ಮಾಡಿ ಬಂದು ಹೇಳಿದವನಿಗೂ ಮುಚ್ಚಿಟ್ಟವನಿಗೂ ಒಂದೇ ಬೈಗುಳ ಆದರೆ ಯಾರು ತಾನೇ ಹೇಳ್ತಾರೆ?

ಇದನ್ನು ನಾನು ಕಲಿತದ್ದು ನನ್ನ ಆಫೀಸಿನಲ್ಲೇ. ಜಿಎಸ್‌ಟಿಯ ತಿಂಗಳ 3ಬಿ ರಿಟರ್ನ್, ಅಂದ್ರೆ ಆ ತಿಂಗಳ ಮಾರಾಟ ಮತ್ತು ತೆರಿಗೆಯ ಲೆಕ್ಕ, ಮುಂದಿನ ತಿಂಗಳ 20ರೊಳಗೆ ಹೋಗಬೇಕು. ಒಬ್ಬ ಸಹಾಯಕಿ ಒಂದನ್ನು ಮರೆತಳು. ನೆನಪಾದದ್ದು ಮರುದಿನವೇ. ನನಗೆ ಹೇಳಿದ್ದು ಹನ್ನೊಂದನೇ ದಿನ. ದಿನಕ್ಕೆ 50 ರೂಪಾಯಿಯಂತೆ 550 ರೂಪಾಯಿ ದಂಡ, ತೆರಿಗೆಯ ಮೇಲೆ ವರ್ಷಕ್ಕೆ ಶೇಕಡಾ 18ರ ಬಡ್ಡಿ. ನಾನೇ ಕಟ್ಟಿದೆ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹಿಂದಿನ ತಿಂಗಳು ಇನ್ನೊಬ್ಬನಿಗೆ ಕಕ್ಷಿದಾರರ ಎದುರೇ ಕೂಗಾಡಿದ್ದಿರಿ ಸಾರ್ ಅಂದಳು. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಸಂಜೆ ಐದಕ್ಕೆ ಎಲ್ಲರೂ ಹತ್ತು ನಿಮಿಷ ಕೂರುತ್ತೇವೆ. ಇವತ್ತು ಏನು ಕೈತಪ್ಪಿತು, ಅಷ್ಟೇ ಪ್ರಶ್ನೆ. ಮೊದಲ ಎರಡು ವಾರ ಯಾರೂ ಬಾಯಿ ಬಿಡಲಿಲ್ಲ. ಒಂದು ದಿನ ನಾನೇ ಶುರು ಮಾಡಿದೆ: ಒಬ್ಬರ ಚಲನ್‌ನಲ್ಲಿ ತಪ್ಪು ವರ್ಷ ಹಾಕಿ ಕಟ್ಟಿಸಿದ್ದೆ. ಮರುದಿನ ಅದೇ ಹುಡುಗಿ ಐದು ಗಂಟೆಗೂ ಕಾಯಲಿಲ್ಲ. ಬೆಳಿಗ್ಗೆಯೇ ಒಂದು ಫೈಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.